ಹನ್ನೊಂದೂವರೆ ಸುತ್ತು

ಬೆಳಗಿನ ಐದೂಮುಕ್ಕಾಲಾಯಿತು, ನಲ್ಲಿ ಕೆಮ್ಮಲಿಲ್ಲ. ನೀರುಗಂಟಿ ಹಾಸಿಗೆಯಲ್ಲೇ ಕಿವಿ ನೆಟ್ಟು ಮಲಗಿದ್ದ.

ನೀರು ಬರುವ ಮೊದಲು ಹಿತ್ತಲ ನಲ್ಲಿ ಮುದುಕರ ಹಾಗೆ ಎರಡು ಸಲ ಕೆಮ್ಮುತ್ತದೆ ಎಂದು ಹೆಂಡತಿ ಹೇಳುತ್ತಿದ್ದಳು. ಅವನು ಒಮ್ಮೆಯೂ ಕೇಳಿರಲಿಲ್ಲ. ಮೂವತ್ತೊಂದು ವರ್ಷ ಆ ಹೊತ್ತಿಗೆ ಅವನು ಬೀದಿ ತುದಿಯ ಗುಂಡಿಯಲ್ಲಿ ಬಗ್ಗಿ ವಾಲ್ವ್ ತಿರುಗಿಸುತ್ತಿದ್ದ. ಬಾಯಾರಿಕೆಗೆ ಭಾನುವಾರ ಉಂಟೆ? ನಿವೃತ್ತಿಯಾದ ಮೇಲೆ ಬೆಚ್ಚಗೆ ಹೊದ್ದುಕೊಂಡು ಆ ಕೆಮ್ಮು ಕೇಳಬೇಕೆಂದು ಎಷ್ಟೋ ವರ್ಷದಿಂದ ಆಸೆಪಟ್ಟಿದ್ದ. ನಿವೃತ್ತಿಯಾಗಿ ಇಂದಿಗೆ ನಾಲ್ಕು ದಿನ. ನಾಲ್ಕು ದಿನದಿಂದ ಅವನ ಮನೆಯಿದ್ದ ಮೇಲಿನ ಬೀದಿಗೆ ನೀರೇ ಹತ್ತಿರಲಿಲ್ಲ.

ಹೊರಗೆ ಖಾಲಿ ಕೊಡಗಳು ಒಂದಕ್ಕೊಂದು ತಾಗುತ್ತಿದ್ದವು. "ಆ ಹಳೇ ಪುಣ್ಯಾತ್ಮ ಇದ್ದಾಗ ಹೀಗಾಗಿದ್ದುಂಟಾ?" ಪಕ್ಕದ ಮನೆಯ ದರ್ಜಿಯ ದನಿ.

"ಕೇಳಿದ್ರಾ?" ಹೆಂಡತಿ ನಕ್ಕಳು. "ಹತ್ತು ನಿಮಿಷ ತಡವಾದ್ರೆ ‘ಎಲ್ಲಿ ಸತ್ನೋ’ ಅಂತಿದ್ದ ಬಾಯಿ ಅದೇ. ಬದುಕಿರುವಾಗ್ಲೇ ಪುಣ್ಯಾತ್ಮ ಆಗ್ಬಿಟ್ರಿ!"

ಅವನಿಗೂ ನಗು ಬಂತು. ನಾಲ್ಕು ದಿನದಿಂದ ಬೀದಿಯವರ ಆ ಹೊಗಳಿಕೆಯನ್ನು ಬೆಲ್ಲದ ಚೂರಿನಂತೆ ಬಾಯಲ್ಲಿಟ್ಟುಕೊಂಡೇ ಇದ್ದ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಅವನ ಜಾಗಕ್ಕೆ ಬಂದ ಹೆಂಗಸು ನಿಂತಿದ್ದಳು. ಮೊಣಕಾಲ ತನಕ ಕೆಸರು, ಕೈಯಲ್ಲಿ ವಾಲ್ವ್ ತಿರುಗಿಸುವ ಅವನದೇ ಉದ್ದನೆಯ ಕಬ್ಬಿಣದ ಕೀಲಿ.

"ಅಣ್ಣಾ, ಎಲ್ಲಾ ವಾಲ್ವೂ ಪೂರ್ತಿ ತೆಗ್ದಿದೀನಿ. ಆದ್ರೂ ಮೇಲಕ್ಕೆ ಹತ್ತಲ್ಲ. ಜನ ಮುಖಕ್ಕೇ ಉಗೀತಾರೆ. ಇವತ್ತೂ ಬರದಿದ್ರೆ ಬೇರೆಯವರನ್ನ ನೋಡ್ತೀನಿ ಅಂದ್ರು ಸಾಹೇಬ್ರು."

ಪೂರ್ತಿ ತೆಗೆದದ್ದೇ ತಪ್ಪು. ಅದು ಅವನಿಗೆ ಗೊತ್ತಿತ್ತು, ಅವನೊಬ್ಬನಿಗೇ. "ದಿನಾ ಬಂದು ಕರಿ, ನಾನೇ ತಿರುಗಿಸಿ ಕೊಡ್ತೀನಿ" ಎಂಬ ಮಾತು ನಾಲಿಗೆ ತುದಿಗೆ ಬಂತು. ಇಡೀ ಬೀದಿ ನೋಡುತ್ತಿತ್ತು. ಆಗ ಅವಳ ಅಂಗೈ ಕಣ್ಣಿಗೆ ಬಿತ್ತು. ಬೊಬ್ಬೆ ಒಡೆದು, ಹಳೇ ಬಟ್ಟೆ ಸುತ್ತಿಕೊಂಡಿದ್ದಳು.

"ಬಾ ತಾಯಿ," ಎಂದ.

ಗುಂಡಿಯ ಬಳಿ ಅವಳು ಕೀಲಿ ಚಾಚಿದಳು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಕೆಳಗಿನ ಬೀದೀದು ಪೂರ್ತಿ ತೆಗೆದ್ರೆ ನೀರೆಲ್ಲಾ ಇಳಿಜಾರಿಗೇ ಓಡುತ್ತೆ. ಅದನ್ನ ಮುಚ್ಚು. ಈಗ ಎಣಿಸ್ಕೊಂಡು ಹನ್ನೊಂದೂವರೆ ಸುತ್ತು ತೆಗಿ. ಹನ್ನೆರಡು ಮಾಡಿದ್ಯೋ, ಮೇಲಿನವರಿಗೆ ಗಾಳಿನೇ ಗತಿ."

"ಇದೆಲ್ಲೂ ಬರೆದೇ ಇಲ್ವಲ್ಲ ಅಣ್ಣಾ?"

"ನಾನೆಲ್ಲಿ ಹೋಗ್ತೀನಿ, ಬರೆಯೋದ್ಯಾಕೆ ಅಂದ್ಕೊಂಡಿದ್ದೆ."

ಅವಳು ಗುಂಡಿಯ ಮುಚ್ಚಳದ ಒಳಮೈಯಲ್ಲಿ ಸೀಮೆಸುಣ್ಣದಿಂದ ಆ ಲೆಕ್ಕವನ್ನು ದಪ್ಪಗೆ ಬರೆದುಕೊಂಡಳು.

ಮರುದಿನ ಬೆಳಗ್ಗೆ ಅವನನ್ನು ಯಾರೂ ಕರೆಯಲಿಲ್ಲ. ಹೊದಿಕೆಯೊಳಗೆ ಅವನ ಬಲಗೈ ತನ್ನಷ್ಟಕ್ಕೆ ತಿರುಗಿ, ತಿರುಗಿ, ಹನ್ನೊಂದೂವರೆಗೆ ನಿಂತಿತು. ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ನಲ್ಲಿ ಕೆಮ್ಮಿತು. ಎರಡು ಸಲ.

"ಬಂತು ನಿಮ್ ನೀರು," ಎನ್ನುತ್ತಾ ಹೆಂಡತಿ ಎದ್ದು ಹೋದಳು.

ಬೀದಿಯಲ್ಲಿ ದರ್ಜಿ ಯಾರದೋ ಬೆಕ್ಕನ್ನು ಬೈಯುತ್ತಿದ್ದ. ನೀರಿನ ಮಾತು ಯಾರೂ ಎತ್ತಲಿಲ್ಲ. ಅವನು ಕಣ್ಣು ಮುಚ್ಚಿ ಕೇಳುತ್ತಾ ಮಲಗಿದ. ಕೊಡ ಕಂಠದ ತನಕ ತುಂಬುತ್ತಾ ಬಂದ ಹಾಗೆ ಅದರ ದನಿ ಸಣ್ಣಗಾಗುತ್ತಾ ಹೋಯಿತು.