ಚೊಕ್ಕ ಸಾಲಿನ ಮೂರು ಹುಳು

ಇದು ನಡೆದದ್ದೇ, ಉಪ್ಪುಖಾರ ಸೇರಿದ್ದರೆ ರುಚಿಗೆ ತಕ್ಕಷ್ಟು.

ಗಾಜಿನಮನೆಯ ಮಾವನನ್ನು ಕಂಡರೆ ಸಂಶೋಧನಾ ಕೇಂದ್ರದವರೆಲ್ಲ ಮಾರು ದೂರ. ಮಾವ ಕೆಟ್ಟವನಲ್ಲ, ಅವನ ಅಂಗಿ ಕೆಟ್ಟದ್ದು. ಟೊಮೆಟೊ ಎಲೆ ತಿನ್ನುವ ಹುಳುಗಳನ್ನು ಕೊಲ್ಲುವ ವೈರಸ್ಸನ್ನು ಅವನು ಗಿಡಗಳಿಗೆ ಸಿಂಪಡಿಸಿದ್ದ. ಮನುಷ್ಯರಿಗೆ ಅದು ಏನೂ ಮಾಡದು. ಬಟ್ಟೆಗಂಟಿ ಹುಳು ಸಾಕುವ ಕೋಣೆ ಹೊಕ್ಕರೆ ಮಾತ್ರ ಅಲ್ಲಿನ ಸಂಸಾರವೆಲ್ಲ ನಿರ್ನಾಮ. ಹಾಗಾಗಿ ಮಾವನ ಬುತ್ತಿ ಬೇರೆ, ಬೆಂಚು ಬೇರೆ. ಆ ಕೋಣೆಯ ಒಡತಿ ಹುಳದಕ್ಕ ಕಿಟಕಿಯಲ್ಲಿ ಹುಳುಗಳ ಡಬ್ಬಿಯಿಟ್ಟು ಒಳಗೆ ಸರಿದ ಮೇಲೆಯೇ ಅವನು ಹೋಗಿ ಎತ್ತಿಕೊಳ್ಳಬೇಕು. ಮನೆಯಲ್ಲೂ, ಹೆಂಡತಿ ತೀರಿಕೊಂಡ ಮೇಲೆ, ಮಾತಿಗೆ ಗೋಡೆಯೇ ಗತಿ.

ಬಯಲಿನ ಬಿಸಿಲಿಗೆ ಆ ವೈರಸ್ ಕೆಲವೇ ದಿನಕ್ಕೆ ಸತ್ವಗೆಡುತ್ತದೆ. ಗಾಜು ಬಿಸಿಲಿನ ಖಾರ ತಡೆಯುತ್ತದಲ್ಲ, ಒಳಗೆ ಎಷ್ಟು ದಿನ ಉಳಿದೀತು? ಅದೇ ಪ್ರಶ್ನೆ. ಮಾವ ದಿನಾ ಎಲೆ ಕಿತ್ತು ಹುಳುಗಳಿಗೆ ತಿನ್ನಿಸಿ, ಸತ್ತವನ್ನು ಎಣಿಸುತ್ತಿದ್ದ. ಹೋಲಿಕೆಗೆಂದು ಏನೂ ಸಿಂಪಡಿಸದೆ, ಆರೋಗ್ಯದ ಹುಳು ಬಿಟ್ಟ ಸಾಲೊಂದಿತ್ತು: ಚೊಕ್ಕ ಸಾಲು. ಅದಕ್ಕೆ ರೋಗ ತಗುಲಿದರೆ ಎಲ್ಲ ಮಣ್ಣುಪಾಲು.

ಮೂವತ್ತೊಂದನೆಯ ದಿನ ಬೆಳಿಗ್ಗೆ ಫೋನು. ಕೇಂದ್ರದ ಸಾಹೇಬರ ಗೊಗ್ಗರು ದನಿ. "ಏನ್ರೀ, ಚೊಕ್ಕ ಸಾಲು ನೋಡಿದ್ರಾ? ಕಣ್ಣು ಮನೇಲಿ ಬಿಟ್ಟು ಬಂದಿದೀರಾ?"

ಮಾವ ಓಡಿದ. ಗಿಡದ ತುದಿಯಲ್ಲಿ ಮೂರು ಹುಳು ತಲೆಕೆಳಗಾಗಿ ಜೋತಾಡುತ್ತಿದ್ದವು. ಆ ರೋಗದ ಹುಳು ಮೇಲೇರಿ, ಹೀಗೆಯೇ ನೇತುಬಿದ್ದು ಸಾಯುತ್ತದೆ. ಯಾವತ್ತು ಕೈ ತೊಳೆಯಲು ಮರೆತೆ? ಇಲ್ಲಿಗೆ ಬರುವವನು ತಾನೊಬ್ಬನೇ, ತಪ್ಪೂ ತನ್ನೊಬ್ಬನದೇ.

ಚಿಮಟದಿಂದ ಒಂದನ್ನು ಹಿಡಿದ. ರೋಗದ ಹುಳುವಾದರೆ ಮುಟ್ಟಿದ ಕೂಡಲೇ ಒಡೆದು ನೀರಾಗಬೇಕು. ಇದು ಒಡೆಯಲಿಲ್ಲ. ಉಣ್ಣೆನೂಲಿನಲ್ಲಿ ಹೆಣೆದದ್ದು! ಕಪ್ಪು ದಾರದ ಎರಡು ಕಣ್ಣು, ಮೇಲೆ ಹುಬ್ಬು ಬೇರೆ.

"ಸತ್ತವರನ್ನ ಎಣಿಸಿದ್ರೇನ್ರೀ?" ಸಾಹೇಬರದೇ ದನಿ. ಬಾಗಿಲಲ್ಲಿ ನಿಂತಿದ್ದವಳು ಮಾತ್ರ ಹುಳದಕ್ಕ; ಬೆಳಗಿನ ಫೋನೂ ಅವಳದೇ ಅಣಕ.

"ಅಯ್ಯೋ ತಾಯಿ, ನನ್ನ ತಲೆಗೇ ಹುಳ ಬಿಟ್ರಾ! ಅಲ್ಲ, ನೀವು ಇಲ್ಲಿ... ಅಲ್ಲಿ ನಿಮ್ಮ ಹುಳುಗಳ ಗತಿ?"

"ಜೊತೆಗೆ ಕೆಲಸ ಮಾಡೋ ನನ್ನ ತಂಗಿ ನೋಡ್ಕೋತಾಳೆ. ಇಲ್ಲಿ ಕಾಲಿಟ್ಟ ಮೇಲೆ ಎರಡು ದಿನ ನನ್ನನ್ನೂ ಕೋಣೆಗೆ ಸೇರಿಸಲ್ಲ ಮಾವ, ರಜೆ ಹಾಕಿದೀನಿ. ಒಂದು ತಿಂಗಳಿಂದ ಬರೀ ನಿಮ್ಮ ಬೆನ್ನು ನೋಡಿ ಸಾಕಾಗಿತ್ತು."

ಎರಡು ದಿನ ರಜೆ. ಹೆಣೆಯಲು ಇನ್ನೆಷ್ಟು ಸಂಜೆಯೋ. ಎಣಿಸಹೊರಟ ಮಾವ ಎಣಿಕೆ ಬಿಟ್ಟುಬಿಟ್ಟ. ಮೊದಲು ನಕ್ಕವಳು ಅವಳು. ಆಮೇಲೆ ಅವನು ಹೊಟ್ಟೆ ಹಿಡಿದುಕೊಂಡು, ಗಾಜೆಲ್ಲ ಗುಂಯ್‌ಗುಡುವಂತೆ ನಕ್ಕ. ಅವಳು ನಗುವುದನ್ನೇ ನಿಲ್ಲಿಸಿ ನೋಡುತ್ತ ನಿಂತರೂ ನಗುತ್ತಲೇ ಇದ್ದ.