ಸತ್ತುಹೋದ ಗಾಯಕನಿಗೆ ಒಂದು ನಿಮಿಷ

"ಅಂಗಿ ಬಿಚ್ಚಾ ಬೇವರ್ಸಿ! ಅಂಗಿ ಹಾಕಿ ಡೋಲು ಬಡಿದ್ರೆ ಜಾನಪದ ಆಗ್ತದಾ?"

ಹೀಗೆಂದವರು ಪರದೇಶದಲ್ಲಿರುವ ಊರವರ ಸಂಘದ ಅಧ್ಯಕ್ಷ ಅಕ್ಷಯ್ ಧಣಿ. ಊರಿನಲ್ಲಿ ಜಮೀನ್ದಾರಿಕೆಯ ಗುತ್ತಿನ ಮನೆ, ಇಲ್ಲಿ ಕೊಲ್ಲಿ ದೇಶದ ರೂವಿಯಲ್ಲಿ ಕ್ಲೀನಿಂಗ್ ಕಂಪನಿ. ಅಂಗಾರ ಆ ಕಂಪನಿಯಲ್ಲಿ ಕಕ್ಕಸು ತೊಳೆಯುವವನು. ಶುಕ್ರವಾರದ ಒಂದೇ ರಜೆಯನ್ನು ಸಂಸ್ಕೃತಿಯ ಉದ್ಧಾರಕ್ಕೆ ಧಾರೆಯೆರೆಯುವ ಭಾಗ್ಯ ಅವನದಾಗಿತ್ತು. ಸಂಘದ ಜಾನಪದ ಉತ್ಸವಕ್ಕೆ ಡೋಲನ್ನು ವಿಮಾನದಲ್ಲಿ ತರಿಸಿದ್ದರು; ಬಾರಿಸುವವನು ಇಲ್ಲೇ ಅಗ್ಗಕ್ಕೆ ಸಿಕ್ಕಿದ್ದ.

ಅಲ್ ಹೈಲಿನ ಸಭಾಂಗಣದ ಹೊರಗೆ, ಮಧ್ಯಾಹ್ನದ ಬಿಸಿಲಲ್ಲಿ ಅಂಗಾರ ಅಂಗಿ ಬಿಚ್ಚಿದ.

"ಸ್ಟೇಜಿಗೆ ಯಾವಾಗ ಧಣಿ? ನಾನೇ ಕಟ್ಟಿದ ಪದ ಒಂದುಂಟು. ನೋಡುವ ಅಂದಿದ್ರಿ ನೀವು."

"ಸ್ಟೇಜಾ? ನಿನ್ನ ಅಜ್ಜ ನಮ್ಮ ಅಂಗಳಕ್ಕೆ ಕಾಲಿಟ್ಟದ್ದುಂಟಾ? ಗದ್ದೆಯ ಹುಣಿಯಲ್ಲಿ ನಿಂತು ಬಡಿದದ್ದು. ಬಾಗಿಲ ಹೊರಗೆ ನಿಂತು ಗೆಸ್ಟಿಗೆ ಸ್ವಾಗತ ಬಾರಿಸು. ಯಲ್ಲಾ, ಬೇಗ!"

ಅತ್ತರು ಪೂಸಿಕೊಂಡ ಅತಿಥಿಗಳು ಡೋಲಿನ ಜೊತೆ ಸೆಲ್ಫಿ ತೆಗೆದುಕೊಂಡರು, ಡೋಲಿನವನಿಗೆ ಮೈ ತಾಗದಷ್ಟು ಜಾಣ್ಮೆಯಿಂದ. ಎಲ್ಲರೂ ಒಳಸೇರಿದ ಮೇಲೆ ಗಾಜಿನ ಬಾಗಿಲು ಮುಚ್ಚಿತು. ಏಸಿಯ ತಂಪು ಹೊರಗಿನವರಿಗೆ ಸೋರಬಾರದಲ್ಲ.

ವ್ಯಾನಿನ ಡ್ರೈವರ್ ಬಶೀರ್ ನೀರಿನ ಬಾಟಲಿ ಚಾಚಿದ. ಅಷ್ಟರಲ್ಲಿ ಬಾಗಿಲ ಮೇಲಿನ ಸ್ಪೀಕರಿನಲ್ಲಿ ಗೊರಗೊರ ಸದ್ದಿನ ಹಳೆಯ ಹಾಡೊಂದು ಬಂತು. ಅಂಗಾರ ನೀರು ಕುಡಿಯುವುದನ್ನೇ ಮರೆತ.

"ಎಂತಾಯ್ತಾ?"

"ಅದು ನನ್ನ ದನಿ, ಬಶೀರಣ್ಣ."

ಇಪ್ಪತ್ತೇಳು ವರ್ಷದ ಹಿಂದೆ ಯಾರೋ ಟೇಪ್ ರೆಕಾರ್ಡರ್ ಹಿಡಿದು ಅಂಗಾರನ ಜನರ ಕೇರಿಗೆ, ಕೊಪ್ಪಕ್ಕೆ, ಬಂದಿದ್ದರು. ಗುತ್ತಿನವರ ಸತ್ತ ಕೋಣ ಹೊರುತ್ತ ತಾಯಿ ಕುಸಿದುಬಿದ್ದದ್ದನ್ನು ಅಂಗಾರ ಪದ ಕಟ್ಟಿ ಹಾಡಿದ್ದ. ಹಾಡನ್ನು ಒಯ್ದರು, ಹೆಸರು ಕೇಳಲಿಲ್ಲ. ಈಗಲಾದರೂ ಒಳಗೆ ಕರೆದಾರು ಎಂದು ಅವನು ಗಾಜಿನ ಬಾಗಿಲಿನ ಹತ್ತಿರ ಸರಿದ. ಒಮ್ಮೆ ತನ್ನ ಹೆಸರು ಹೇಳಿದರೆ ಸಾಕಿತ್ತು.

ಊರಿನಿಂದ ಕರೆಸಿದ ವಿದ್ವಾಂಸೆ ಡಾಕ್ಟರ್ ಯಶ್ಮಿತಾ ಒಳಗೆ ಮೈಕಿನಲ್ಲಿ ಗದ್ಗದಿತರಾಗಿದ್ದರು. "ಈ ಅಜ್ಞಾತ ಗಾಯಕನ ಹೆಸರು ಯಾರಿಗೂ ತಿಳಿಯದು. ಹಸಿವಿನಲ್ಲೋ ಹೆಂಡದಲ್ಲೋ ತೀರಿಹೋಗಿರಬೇಕು. ಅವನ ಆತ್ಮಶಾಂತಿಗೆ ಒಂದು ನಿಮಿಷ ಮೌನ."

ಸಭೆ ಎದ್ದು ನಿಂತಿತು. ಬದುಕಿದ್ದಾಗ ಯಾರೂ ಎದ್ದು ನಿಂತಿರಲಿಲ್ಲ.

"ಥೂ! ಹೋಗಿ ಹೇಳು ಮಾರಾಯ, ಸಾಯ್ಲಿಲ್ಲ ಅಂತ," ಎಂದ ಬಶೀರ್.

ಡೋಲು ಹೆಗಲಲ್ಲಿದ್ದಂತೆಯೇ ಅಂಗಾರ ಬಾಗಿಲು ತಳ್ಳಿದ. ಭಕ್ತಿಯಿಂದ ಕಣ್ಣು ಮುಚ್ಚಿದ್ದ ಅಕ್ಷಯ್ ಧಣಿ ಒಂದೇ ಕಣ್ಣು ತೆರೆದು ಧಾವಿಸಿದರು.

"ಹೊರಗೆ ಹೋಗಾ!"

"ಆ ಪದ ನನ್ನದು ಧಣಿ. ನಾನು ಅಂಗಾರ. ಬದುಕಿದ್ದೇನೆ."

"ಬಾಯಿ ಮುಚ್ಚು! ನಾಳೆ ನಿನ್ನ ವೀಸಾ ಖಲಾಸ್. ಒಂದು ನಿಮಿಷ ಸತ್ತವನಾಗಿ ಇರ್ಲಿಕ್ಕೆ ಆಗುದಿಲ್ವಾ ನಿನಗೆ?"

ಗುತ್ತಿನ ಮನೆಯಲ್ಲಿ ಸಾವಾದರೆ ಅಂಗಾರನ ಜನ ಡೋಲು ಬಾರಿಸಬೇಕು. ಅದಕ್ಕೆ ಬೇರೆಯೇ ಪೆಟ್ಟು, ಹೆಣ ಎತ್ತುವವರೆಗೆ ಕೈ ನಿಲ್ಲಿಸುವಂತಿಲ್ಲ. ಅಂಗಾರ ಧಣಿಯ ಮುಖದ ಮುಂದೆಯೇ ಆ ಪೆಟ್ಟು ಹಾಕಿದ. ಯಾರೋ ಓಡಿಹೋಗಿ ಮೈಕ್ ಆಫ್ ಮಾಡಿದರು. ಡೋಲಿಗೆ ಮೈಕ್ ಬೇಕಿರಲಿಲ್ಲ.

ಮುಂದಿನ ಸಾಲಿನ ಮುದುಕಿಯೊಬ್ಬರಿಗೆ ಪೆಟ್ಟಿನ ಗುರುತು ಹತ್ತಿತು. ಗಾಬರಿಯಿಂದ ಕೇಳಿದರು: "ಅಯ್ಯೋ, ಗುತ್ತಿನಲ್ಲಿ ಯಾರು ಹೋದದ್ದು?"

ಅಂಗಾರ ಧಣಿಯ ಕಡೆಗೆ ಕೋಲು ಚಾಚಿದ.

"ಇಲ್ಲೇ ನಿಂತುಂಟಲ್ಲ ಅಮ್ಮ, ಹೆಣ."

ಎಂದವನೇ ಬಾರಿಸುತ್ತ ವೇದಿಕೆಯ ಮೆಟ್ಟಿಲು ಹತ್ತಿದ.