ಚೌಕಟ್ಟಿಗೆ ಹಿಡಿಸದವಳು

ಪುಟ ತಿರುಗಿಸಿದೆ. ಚಿತ್ರ ಇರಬೇಕಾದ ಜಾಗದಲ್ಲಿ ಅಂಗೈಯಗಲದ ತೂತು. ಅದರೊಳಗಿಂದ ಹಿಂದಿನ ಹಾಳೆಯ ಸೋಪಿನ ಜಾಹೀರಾತು ನನ್ನನ್ನು ನೋಡಿ ಹಲ್ಲು ಕಿರಿಯುತ್ತಿತ್ತು.

ಗ್ರಂಥಾಲಯದ ಸ್ಥಳೀಯ ಇತಿಹಾಸದ ಕೋಣೆಯಲ್ಲಿ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ವಾರಗಟ್ಟಲೆ ಮಗುಚಿದ್ದು ಈ ಒಂದು ಚಿತ್ರಕ್ಕಾಗಿ. ಅಜ್ಜಿಗೆ ತನ್ನ ತಾಯಿಯ ಮುಖವೇ ನೆನಪಿಲ್ಲ. ಇವಳಿಗೆ ಬುದ್ಧಿ ತಿಳಿಯುವ ಮೊದಲೇ ಅವರು ತೀರಿಕೊಂಡಿದ್ದರು; ಮನೆಯಲ್ಲಿ ಫೋಟೋ ಇಲ್ಲ. "ಪ್ರೆಸ್ಸಿಗೆ ಹೊಸ ಮಷೀನು ಬಂದ ದಿನ ಅಪ್ಪ ಅಮ್ಮ ಇಬ್ಬರದ್ದೂ ಫೋಟೋ ಪೇಪರಲ್ಲಿ ಬಂದಿತ್ತಂತೆ ಕಣೇ. ಒಂದ್ಸಲ ನೋಡಿಬಿಟ್ಟಿದ್ರೆ..." ಎನ್ನುತ್ತಿದ್ದಳು.

ಚಿತ್ರ ಹೋಗಿತ್ತು, ಅಡಿಬರಹ ಉಳಿದಿತ್ತು: 'ಹೊಸ ಯಂತ್ರದ ಬಳಿ ಅದರ ಚಾಲಕ ಹಾಗೂ ಅಚ್ಚುಮೊಳೆ ಜೋಡಿಸುವ ಅವರ ಪತ್ನಿ.'

ಮೇಲ್ವಿಚಾರಕಿ ಬೆನ್ನ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಸದ್ದಿಲ್ಲದೆ ಕೂತಿರ್ತೀಯ, ಒಳ್ಳೆ ಹುಡುಗಿ ಅಂದ್ಕೊಂಡಿದ್ದೆ. ತೆಗಿ ಬ್ಯಾಗು!"

ಬ್ಯಾಗನ್ನು ಮುಂದಿಟ್ಟೆ. ಬ್ಲೇಡು ಸಿಗಲಿಲ್ಲವೆಂದು ನನ್ನ ಡೈರಿಯನ್ನೂ ಕೊಡವಿ ನೋಡಿದರು. ಅಮ್ಮನಿಗೂ ತೋರಿಸದ ಡೈರಿ. ಕಿವಿ ಕಾದ ಹೆಂಚಾಯಿತು. ಆ ಉರಿಯಲ್ಲೇ ಅಡಿಬರಹವನ್ನು ಮತ್ತೆ ಓದಿದೆ. ಹೊಸ ಯಂತ್ರ. ಚಾಲಕ.

ಸೋದರಮಾವನ ಮನೆ! ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ, ಯಂತ್ರದ ಮೇಲೆ ಕೈಯಿಟ್ಟು ಒಬ್ಬರೇ ನಿಂತಿರುವ ಮುತ್ತಜ್ಜ. ಒಬ್ಬರೇ ಇದ್ದುದರಿಂದ ಅದು ಬೇರೆ ಯಾವುದೋ ಚಿತ್ರವೆಂದೇ ಅಜ್ಜಿಯೂ ನಾನೂ ನಂಬಿದ್ದೆವು. ಬಂದವರಿಗೆಲ್ಲ ಮಾವ ತೋರಿಸುವುದು: "ನಮ್ಮ ತಾತ. ಪ್ರೆಸ್ಸಿನ ಮಾಲೀಕರು."

ಅಲ್ಲಿಂದ ನೇರ ಮಾವನ ಮನೆಗೇ ಹೋದೆ.

"ಮಾವ, ಈ ಚಿತ್ರ ಲೈಬ್ರರಿದಾ?"

"ಹೂಂ. ಅಲ್ಲಿ ಧೂಳು ತಿಂತಾ ಬಿದ್ದಿತ್ತು. ಯಾರು ನೋಡ್ತಾರೆ?"

"ನಾನು ನೋಡೋಕೆ ಹೋಗಿದ್ದೆ. ಕಳ್ಳಿ ಅನ್ನಿಸಿಕೊಂಡು ಬಂದೆ. ಪಕ್ಕದಲ್ಲಿ ನಿಮ್ಮಜ್ಜಿ ಇದ್ರಲ್ಲ, ಎಲ್ಲಿ?"

ಮಾವ ಪೇಪರಿನಿಂದ ತಲೆಯೆತ್ತಲಿಲ್ಲ. "ಬಿಸಾಕಿಲ್ಲ ಮಾರಾಯ್ತಿ. ಹಿಂದಕ್ಕೆ ಮಡಚಿದೀನಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯೆಲ್ಲ ಮಸಿ... ಮಾಲೀಕರ ಹೆಂಡತಿ ಅಂದ್ರೆ ಯಾರು ನಂಬ್ತಾರೆ?"

"ಮುತ್ತಜ್ಜ ಮಾಲೀಕರೇ ಅಲ್ವಲ್ಲ, ಮಷೀನು ಓಡಿಸ್ತಿದ್ದೋರು!"

ಅತ್ತೆ ಒಳಗಿನಿಂದಲೇ ನಕ್ಕರು. "ಬಾಯಿಗೆ ಬೆರಳಿಟ್ರೂ ಕಚ್ಚದೋಳು, ಇವತ್ತು ಕೋರ್ಟನ್ನೇ ತಂದಿದ್ದಾಳೆ!"

ತನ್ನನ್ನು ಹೆತ್ತ ತಾಯಿ ತನ್ನಮ್ಮನ ಮುಖಕ್ಕಾಗಿ ಜೀವಮಾನವಿಡೀ ಹಂಬಲಿಸಿದ್ದು ಈ ಮನುಷ್ಯನಿಗೆ ಗೊತ್ತು. ಬಂದಾಗಲೆಲ್ಲ ಅಜ್ಜಿಯನ್ನು ಇದೇ ಗೋಡೆಯ ಕೆಳಗೆ ಕೂರಿಸಿ ಕಾಫಿ ಕೊಟ್ಟಿದ್ದಾರೆ! ಮಡಚಿಟ್ಟದ್ದೇ ದೊಡ್ಡ ಉಪಕಾರವಂತೆ. ಸ್ಟೂಲು ಎಳೆದು ಹತ್ತಿದೆ. "ಏಯ್, ಇಳಿಯೇ!" ಎಂದರು ಮಾವ. ಇಳಿದೆ, ಚೌಕಟ್ಟಿನ ಸಮೇತ.

ಮನೆಗೆ ಬಂದು ಹಿಂದಿನ ರಟ್ಟು ಬಿಚ್ಚಿ ಅಜ್ಜಿಯ ಮುಂದೆ ಕಾಗದ ಹರವಿದೆ. ಮಡಿಕೆ ಮುತ್ತಜ್ಜಿಯ ಒಂದು ಭುಜವನ್ನು ತಿಂದಿತ್ತು, ಮುಖ ಮುಕ್ಕಾಗಿರಲಿಲ್ಲ. ಅಜ್ಜಿ ಕನ್ನಡಕ ಒರೆಸಿ ಹಾಕಿಕೊಂಡಳು, ತೆಗೆದಳು, ಮತ್ತೆ ಹಾಕಿಕೊಂಡಳು.

"ಇಷ್ಟು ಚಿಕ್ಕ ಹುಡುಗೀನಾ ನನ್ನಮ್ಮ?" ಎಂದಳು. "ನಿನಗಿಂತ ಚಿಕ್ಕೋಳು ಕಣೇ!"

ನನ್ನ ಫೋನು ಬಡಿದುಕೊಳ್ಳುತ್ತಲೇ ಇತ್ತು, ಮಾವನದು. ಕೊನೆಗೆ ಅಜ್ಜಿಯೇ ಕಿತ್ತುಕೊಂಡಳು.

"ನನ್ನ ಹತ್ರಾನೇ ಇದೆ. ನಾಳೆ ಇವಳ ಜೊತೆ ಹೋಗಿ ಲೈಬ್ರರಿಗೆ ಒಪ್ಪಿಸ್ತೀನಿ, ಕತ್ತರಿಸಿದೋನು ನನ್ನ ಮಗ ಅಂತಾನೂ ಹೇಳ್ತೀನಿ. ಮಾನ ಹೋಗತ್ತಾ? ಹೋಗ್ಲಿ ಬಿಡೋ. ನಮ್ಮಮ್ಮನ್ನ ಮಡಚಿದಾಗ ಇತ್ತಾ ನಿಂಗೆ?"